ರಾಮದುರ್ಗದ ಕೊನೆಯ ಬಸ್ಸು

“ಸರ, ಇದು ನೀವ ಹಚ್ಚಿದ ಹುಚ್ಚು. ಈಗ ನೀವ ಬಿಡಸ್ರಿ.”

ಹೀಗೆಂದವರು ಬೈಲಹೊಂಗಲದ ಹತ್ತಿ ವ್ಯಾಪಾರಸ್ಥರೊಬ್ಬರು. ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತವರು ಚಹಾ ಕೂಡ ಬೇಡವೆಂದರು. ನಮ್ಮ ಕಡೆ ಚಹಾ ಬೇಡವೆಂದರೆ ಸಿಟ್ಟು ಸಣ್ಣದಲ್ಲವೆಂದು ತಿಳಿಯಬೇಕು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಪಿ.ಯು.ಸಿ. ನನ್ನ ಕೈಯಲ್ಲಿ ಓದಿ, ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದಳು. ಮೂರು ವರ್ಷ ಸಂಬಳದಲ್ಲಿ ಉಳಿಸಿದ ಹಣದಿಂದ ಮೊರೊಕ್ಕೊ ದೇಶ ನೋಡಿಬರುತ್ತೇನೆ ಎಂದು ಮನೆಯಲ್ಲಿ ಹೇಳಿದ್ದಳು. ಟೂರ್ ಕಂಪನಿಯ ಜೊತೆಗೆ ಎಂದಿದ್ದರೆ ಅವರು ಹೂಂ ಅನ್ನುತ್ತಿದ್ದರೇನೋ. ಅವಳು ಒಬ್ಬಳೇ ಹೋಗುವವಳು.

ಇದು 2023ರ ದೀಪಾವಳಿಯ ಹೊತ್ತಿನ ಮಾತು. ಆ ವರ್ಷದ ಸೆಪ್ಟೆಂಬರಿನಲ್ಲಷ್ಟೇ ಮೊರೊಕ್ಕೊದ ಮರಾಕೇಶ್ ನಗರದ ದಕ್ಷಿಣದ ಗುಡ್ಡಗಾಡಿನಲ್ಲಿ ಭೂಕಂಪವಾಗಿ ಮೂರು ಸಾವಿರಕ್ಕೆ ಹತ್ತಿರ ಹತ್ತಿರ ಜನ ಸತ್ತಿದ್ದರು. ಅದನ್ನೆಲ್ಲ ಟಿ.ವಿ.ಯಲ್ಲಿ ನೋಡಿದ ತಂದೆಗೆ ಮಗಳು ಅಲ್ಲಿಗೇ ಹೋಗುತ್ತೇನೆ ಅಂದರೆ ಹೇಗಾಗಬೇಡ?

“ಭಾಷಾ ಗೊತ್ತಿಲ್ಲ, ದೇಶ ಗೊತ್ತಿಲ್ಲ. ಒಬ್ಬಾಕಿ ಹುಡುಗಿ. ಅಲ್ಲೆ ಊಟಕ್ಕರೆ ಏನ್ ಮಾಡ್ತಾಳ್ರಿ?” ಕೊನೆಯ ಪ್ರಶ್ನೆ ಮನೆಯವರು ಕಳಿಸಿದ್ದು ಎಂದು ನನಗೆ ತಿಳಿಯಿತು.

ಹುಚ್ಚು ನಾನು ಹಚ್ಚಿದ್ದು ನಿಜ. ಅದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಕಾಲೇಜಿನಲ್ಲಿದ್ದಾಗ ನಾನು ಪ್ರತಿ ಅಕ್ಟೋಬರ್ ರಜೆಗೆ ಹುಡುಗರಿಗೆ ಒಂದು ಕೆಲಸ ಕೊಡುತ್ತಿದ್ದೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ಊರನ್ನು ಎರಡು ದಿನದಲ್ಲಿ ಸುತ್ತಿ ಬರಬೇಕು. ಇಬ್ಬಿಬ್ಬರಾಗಿ ಹೋಗಬೇಕು. ಸ್ವಂತ ಗಾಡಿ ಇಲ್ಲ, ಹಿರಿಯರು ಜೊತೆಗಿಲ್ಲ. ಈ ನಾಲ್ಕೂ ಊರಿಗೆ ರೈಲಿಲ್ಲವಾದ್ದರಿಂದ ಬಸ್ಸೇ ಗತಿ. ರಾತ್ರಿ ಯಾರಾದರೂ ಬೀಗರ, ಬಳಗದವರ ಮನೆಯಲ್ಲಿ ಉಳಿಯಬಹುದು. ತೀರ ತೊಂದರೆಯಾದರೆ ಮಾತ್ರ ನನಗೆ ಫೋನು. ಬರುವಾಗ ಒಂದು ನೋಟಬುಕ್ಕು ತುಂಬಿಸಿಕೊಂಡು ಬರಬೇಕು.

“ಶಾಲಿ ಟ್ರಿಪ್‌ನ್ಯಾಗ ಎಲ್ಲಾ ನೋಡೇವ್ರಿ ಸರ” ಎನ್ನುತ್ತಿದ್ದರು. ಶಾಲೆಯ ಟ್ರಿಪ್ಪಿನಲ್ಲಿ ಹುಡುಗರು ನೋಡುವುದು ಮುಂದಿನವನ ಬೆನ್ನನ್ನು. ಮಾಸ್ತರರು ನೋಡುವುದು ತಲೆ ಎಣಿಕೆಯನ್ನು. ನಾನೂ ಇಪ್ಪತ್ತು ವರ್ಷ ತಲೆ ಎಣಿಸಿದವನೇ, ಆ ಧೈರ್ಯದಿಂದ ಹೇಳುತ್ತಿದ್ದೇನೆ.

ಈ ಹುಡುಗಿ ಗೆಳತಿಯೊಬ್ಬಳ ಜೊತೆ ಹೊರಟದ್ದು 2014ರಲ್ಲಿ. ಬೆಳಿಗ್ಗೆ ಕಿತ್ತೂರು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತ ಊರು, ಅದೇ ಡಿಸೆಂಬರಿನಲ್ಲಿ ಇಂಗ್ಲಿಷರಿಗೆ ಬಿದ್ದ ಕೋಟೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಅವಳ ನೋಟಬುಕ್ಕಿನಲ್ಲಿ ಎರಡು ಪುಟ ತುಂಬಿದ್ದು ಹಾಳುಬಿದ್ದ ಅರಮನೆಯ ಗೋಡೆಯಲ್ಲಿರುವ ಒಂದು ಕಿಂಡಿ. ಧ್ರುವ ನಕ್ಷತ್ರ ನೋಡುವ ಕಿಂಡಿ ಎಂದು ಅದನ್ನು ತೋರಿಸುತ್ತಾರೆ. ಹಗಲಿನಲ್ಲಿ ಅದರೊಳಗೆ ಕಣ್ಣಿಟ್ಟು ಏನೂ ಕಾಣದೆ, ಉತ್ತರ ಯಾವ ಕಡೆ ಎಂದು ಇಬ್ಬರೂ ಜಗಳಾಡಿದ್ದನ್ನು ಬರೆದಿದ್ದಳು. ತಿರುಗಿ ಬೈಲಹೊಂಗಲಕ್ಕೆ ಬಂದು, ದಿನಾ ದಾಟಿಹೋಗುವ ಚನ್ನಮ್ಮನ ಸಮಾಧಿಯ ಮುಂದೆ ಮೊದಲ ಸಲ ನಿಂತು ನೋಡಿದ್ದಳು. ರಾಣಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡದ್ದು ನಮ್ಮೂರಲ್ಲೇ.

ಮಧ್ಯಾಹ್ನ ಸವದತ್ತಿ, ಅಲ್ಲಿಂದ ಎಲ್ಲಮ್ಮನ ಗುಡ್ಡ. ಅಂದು ಹುಣ್ಣಿಮೆಯೇನೂ ಅಲ್ಲ, ಆದರೂ ಮಂದಿ ಇತ್ತು. (ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಮೊದಲ ಸಲ ಒಬ್ಬರೇ ಹೋಗುವ ಸಾಹಸ ಯಾರೂ ಮಾಡಬಾರದು.) ಗೆಳತಿ ಗದ್ದಲದಲ್ಲಿ ತಪ್ಪಿಸಿಕೊಂಡಳು. ಇವಳು ಅತ್ತಿತ್ತ ನೋಡುವಷ್ಟರಲ್ಲಿ ಒಬ್ಬ ತಾನಾಗಿಯೇ ಬಂದು “ಬಾರವಾ, ನಾ ತೋರಸ್ತೀನಿ” ಅಂದ. ಒಳ್ಳೆಯವನೇ ಇದ್ದಿರಬಹುದು. ಇವಳು ಹೋಗಲಿಲ್ಲ. ಭಂಡಾರ, ಕುಂಕುಮ ಮಾರುತ್ತ ಕುಳಿತಿದ್ದ ಅಜ್ಜಿಯೊಬ್ಬಳ ಪಕ್ಕದಲ್ಲಿ ಕುಳಿತು, “ಅಜ್ಜಿ, ತಪ್ಪಿಸಿಕೊಂಡವ್ರು ಇಲ್ಲೆ ಎಲ್ಲಿ ನಿಲ್ತಾರ?” ಎಂದು ಕೇಳಿದಳು. ಅಜ್ಜಿಗೆ ಇಂಥ ಪ್ರಶ್ನೆ ದಿನಾ ಬರುವಂಥದ್ದು. ಅರ್ಧ ಗಂಟೆಯಲ್ಲಿ ಗೆಳತಿ ಸಿಕ್ಕಳು. ನೋಟಬುಕ್ಕಿನಲ್ಲಿ ಅವಳೇ ಬರೆದುಕೊಂಡ ಸಾಲಿನ ಅರ್ಥ ಇಷ್ಟು: ದಾರಿ ತೋರಿಸಲು ತಾವಾಗಿ ಬಂದವರನ್ನು ಕೇಳಬಾರದು, ತಮ್ಮ ಕೆಲಸದಲ್ಲಿ ಕುಳಿತವರನ್ನು ಕೇಳಬೇಕು.

ರಾತ್ರಿ ಮುನವಳ್ಳಿಯಲ್ಲಿ ದೊಡ್ಡಮ್ಮನ ಮನೆ. ಮರುದಿನ ಹೂಲಿಯ ಪಂಚಲಿಂಗೇಶ್ವರ ಗುಡಿ ನೋಡಿಕೊಂಡು ರಾಮದುರ್ಗಕ್ಕೆ ಹೋದರು. ಭಾವೆ ಮನೆತನದ ಸಂಸ್ಥಾನವಾಗಿದ್ದ ಊರು ಅದು, ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ವಿಲೀನವಾಯಿತು. ಕೋಟೆ, ಮಲಪ್ರಭೆಯ ದಂಡೆ ಎಲ್ಲ ಮುಗಿಸಿ, ನೇಕಾರರೊಬ್ಬರ ಮನೆಯಲ್ಲಿ ಮಗ್ಗದ ಮುಂದೆ ಕುಳಿತವರು ಹೊತ್ತು ಮರೆತರು. ನಿಲ್ದಾಣಕ್ಕೆ ಬಂದಾಗ ನಮ್ಮೂರಿನ ಕೊನೆಯ ಬಸ್ಸು ಹೋಗಿಯಾಗಿತ್ತು. ಗೆಳತಿ ಅಳತೊಡಗಿದಳು. ಇವಳು ವಿಚಾರಣೆ ಕಿಟಕಿಗೆ ಹೋಗಿ, ಬೆಳಗಾವಿ ಬಸ್ಸು ಹತ್ತಿ ಯರಗಟ್ಟಿಯಲ್ಲಿ ಇಳಿದು ಬೇರೆ ಗಾಡಿ ಹಿಡಿಯಬಹುದೆಂದು ತಿಳಿದುಕೊಂಡಳು. ಊರು ಮುಟ್ಟಿದಾಗ ರಾತ್ರಿ ಹತ್ತು. ಬಸ್‌ಸ್ಟ್ಯಾಂಡಿನಲ್ಲಿ ಮೋಟಾರ್‌ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದ ಅಪ್ಪ ಎರಡು ದಿನ ಮಾತಾಡಲಿಲ್ಲ. ನನ್ನ ಜೊತೆ ಒಂದು ತಿಂಗಳು.

ಆ ವರ್ಷವೇ ತರಗತಿಯಲ್ಲಿ ನಾನು ಇಬ್ನ್ ಬತೂತನ ಪಾಠ ಮಾಡಿದ್ದೆ. ಮೊರೊಕ್ಕೊದ ಬೀಜ ಬಿದ್ದದ್ದು ಅಲ್ಲಿ.

ಇಬ್ನ್ ಬತೂತ ಮೊರೊಕ್ಕೊದ ಟ್ಯಾಂಜಿಯರ್ ಊರಿನವನು. 1304ರಲ್ಲಿ ಹುಟ್ಟಿದ. 1325ರ ಜೂನ್ ತಿಂಗಳಲ್ಲಿ, ಇಪ್ಪತ್ತೊಂದರ ವಯಸ್ಸಿಗೆ, ಮೆಕ್ಕಾ ಯಾತ್ರೆಗೆಂದು ಒಬ್ಬನೇ ಹೊರಟ. ತಂದೆ ತಾಯಿ ಇಬ್ಬರೂ ಇದ್ದರು, ಅಗಲಿಕೆ ಮೂವರಿಗೂ ಸಂಕಟ ತಂದಿತೆಂದು ಅವನೇ ಹೇಳಿದ್ದಾನೆ. ದಾರಿಯಲ್ಲಿ ಜ್ವರ ಬಂದು, ಬಿದ್ದೇನೆಂಬ ಭಯಕ್ಕೆ ರುಮಾಲಿನ ಬಟ್ಟೆಯಿಂದ ತನ್ನನ್ನು ಜೀನಿಗೆ ಕಟ್ಟಿಕೊಂಡು ಹೋದ. ಟ್ಯೂನಿಸ್ ಪಟ್ಟಣ ಮುಟ್ಟಿದಾಗ ಊರವರೆಲ್ಲ ತಮ್ಮ ತಮ್ಮ ಪರಿಚಯದವರನ್ನು ಎದುರುಗೊಂಡರು, ಇವನನ್ನು ಕೇಳುವವರಿಲ್ಲ. ಅಲ್ಲೇ ಅತ್ತುಬಿಟ್ಟ. ಜೊತೆಯ ಯಾತ್ರಿಕನೊಬ್ಬ ನೋಡಿ ಹತ್ತಿರ ಬಂದು ಮಾತಾಡಿಸಿದ. ಜಗತ್ತನ್ನೇ ಸುತ್ತಿದನೆಂದು ನಾವು ಹೊಗಳುವ ಮನುಷ್ಯ ಮೊದಲ ಪ್ರವಾಸದಲ್ಲಿ ಹಾಸ್ಟೆಲಿಗೆ ಹೊಸದಾಗಿ ಸೇರಿದ ಹುಡುಗನ ಹಾಗೆ ಅತ್ತ ಎಂಬುದು ನನಗೆ ಬಹಳ ಪ್ರೀತಿಯ ಸಂಗತಿ.

ಅವನು ನಮ್ಮ ಕರಾವಳಿಗೂ ಬಂದ. 1342ರ ಸುಮಾರಿಗೆ ದಿಲ್ಲಿ ಬಿಟ್ಟು ದಕ್ಷಿಣಕ್ಕೆ ಬಂದವನು ಹೊನ್ನಾವರ, ಬಾರಕೂರು, ಮಂಗಳೂರು ಕಂಡ. ಹೊನ್ನಾವರದಲ್ಲಿ ಹುಡುಗರಿಗೆ 23 ಶಾಲೆ, ಹುಡುಗಿಯರಿಗೆ 13 ಶಾಲೆ ಕಂಡೆನೆಂದು ಲೆಕ್ಕ ಕೊಟ್ಟಿದ್ದಾನೆ. ಈ ಹುಡುಗಿಯ ತಲೆಯಲ್ಲಿ ಕುಳಿತದ್ದು ಈ ಹದಿಮೂರು. “ನಮ್ಮ ನಾಡಿನ ಹುಡುಗ್ಯಾರ ಸಾಲಿ ಎಣಿಸಿದವನ ಊರು ನಾ ನೋಡಬಾರದೇನ್ರಿ ಸರ?” ಎಂದು ಹತ್ತು ವರ್ಷದ ಮೇಲೆ ನನ್ನನ್ನೇ ಕೇಳಿದಳು.

ಕಥೆಯ ಇನ್ನೊಂದು ಭಾಗವನ್ನು ನಾನು ಅಂದು ಆ ತಂದೆಗೆ ಹೇಳಿದೆ. ಇಬ್ನ್ ಬತೂತ ಮನೆಯ ದಾರಿ ಹಿಡಿದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ. ತಂದೆ ತೀರಿಕೊಂಡು ಹದಿನೈದು ವರ್ಷವಾಯಿತೆಂಬ ಸುದ್ದಿ ಡಮಾಸ್ಕಸ್ ನಗರದಲ್ಲಿ ತಿಳಿಯಿತು. 1349ರಲ್ಲಿ ತನ್ನ ದೇಶ ಮುಟ್ಟಿದಾಗ ತಾಯಿಯೂ ಆಗಷ್ಟೇ ಪ್ಲೇಗಿನಲ್ಲಿ ಹೋಗಿದ್ದಳು. ಅವರು ತಲೆ ಬಗ್ಗಿಸಿ ಕೇಳಿದರು. “ಇದನ್ನ ಆಕಿಗೆ ಹೇಳ್ರಿ” ಅಂದರು. ಹೇಳಿದೆ. ಅವಳಿಗೆ ಅದು ಮೊದಲೇ ಗೊತ್ತಿತ್ತು. ದಿನಕ್ಕೊಂದು ಸಂದೇಶ ಎಂಬ ಕರಾರು ಅವಳೇ ಮುಂದಿಟ್ಟಳು. ಎಲ್ಲಿದ್ದಾಳೆಂದು ಇಡೀ ದಿನ ಫೋನಿನಲ್ಲಿ ಕಾಣುತ್ತಿರಬೇಕೆಂದು ತಂದೆಯ ಹಟ, ಅದಕ್ಕೆ ಅವಳು ಒಪ್ಪಲಿಲ್ಲ. ಅಲ್ಲಿ ಸಂಜೆ ಆರು ಅಂದರೆ ನಮಗೆ ರಾತ್ರಿ ಹತ್ತೂವರೆ. ಆ ಹೊತ್ತಿಗೆ ಸಂದೇಶ.

ತಯಾರಿ ನಾಲ್ಕು ತಿಂಗಳು ನಡೆಯಿತು. ವೀಸಾ, ಹೋಗಿ ಬರುವ ಟಿಕೆಟ್ಟು, ವಿಮೆ. ಮೊದಲ ಎರಡು ರಾತ್ರಿಯ ಕೋಣೆ ಮಾತ್ರ ಮೊದಲೇ ಗೊತ್ತು ಮಾಡಿದಳು. ಹಣ ಎರಡು ಕಡೆ, ಪಾಸ್‌ಪೋರ್ಟಿನ ಝರಾಕ್ಸ್ ಮನೆಯಲ್ಲೊಂದು, ಚೀಲದಲ್ಲೊಂದು. ಯಾವ ಹೊಸ ಊರಿಗೂ ಕತ್ತಲಾದ ಮೇಲೆ ಮುಟ್ಟಬಾರದೆಂಬ ನಿಯಮ ರಾಮದುರ್ಗದ ಕೊನೆಯ ಬಸ್ಸು ಕಲಿಸಿದ್ದು. ಊಟದ ವಿಷಯ ನಾನೂ ವಿಚಾರಿಸಿದೆ. ಗೋಧಿಯ ದುಂಡನೆಯ ರೊಟ್ಟಿ ಎಲ್ಲ ಕಡೆ ಸಿಗುತ್ತದೆ, ಖೋಬ್ಜ್ ಅನ್ನುತ್ತಾರೆ. ಬದನೆಕಾಯಿ ಸುಟ್ಟೋ ಬೇಯಿಸಿಯೋ ಟೊಮೆಟೊ, ಬೆಳ್ಳುಳ್ಳಿ ಹಾಕಿ ಮಾಡಿದ ಜಾಲುಕ್ ಇದೆ, ಕಾಳು ಬೇಯಿಸಿ ಅರೆದ ಬಿಸ್ಸಾರ ಎಂಬ ಸಾರಿದೆ. ಕೂಸ್‌ಕೂಸ್ ನಮ್ಮ ಗೋಧಿ ನುಚ್ಚಿನ ಹಾಗೆ. ತರಕಾರಿಯದೇ ಇದ್ದರೂ ಎಷ್ಟೋ ಸಲ ಮಾಂಸದ ಸಾರಿನಲ್ಲಿ ಬೇಯಿಸಿರುತ್ತಾರೆ, ಕೇಳಿಯೇ ತಿನ್ನಬೇಕು. ಇಷ್ಟು ಹೇಳಿದ ಮೇಲೂ ತಾಯಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟುವುದನ್ನು ಬಿಡಲಿಲ್ಲ.

2024ರ ಫೆಬ್ರವರಿಯಲ್ಲಿ ಹೋದಳು. ಟ್ಯಾಂಜಿಯರ್, ಕಾಸಾಬ್ಲಾಂಕ, ಫೆಸ್, ಮರಾಕೇಶ್ ಊರುಗಳಿಗೆಲ್ಲ ರೈಲಿದೆ, 2018ರಿಂದ ಟ್ಯಾಂಜಿಯರ್‌ಗೆ ಬಲು ವೇಗದ ರೈಲೂ ಓಡುತ್ತಿದೆ. ಮರಾಕೇಶ್ ದಾಟಿ ದಕ್ಷಿಣಕ್ಕೆ ಹೋದರೆ ರೈಲು ಮುಗಿಯಿತು, ಬಸ್ಸು ಇಲ್ಲವೇ ‘ಗ್ರಾಂ ಟ್ಯಾಕ್ಸಿ’. ಆರು ಜನ ತುಂಬುವ ತನಕ ಅದು ಬಿಡುವುದಿಲ್ಲ. “ಥೇಟ್ ಯರಗಟ್ಟಿ ಕ್ರಾಸಿನ ಟ್ರ್ಯಾಕ್ಸ್ ರೀ ಸರ” ಎಂದು ಬರೆದಳು. ಡ್ರೈವರನ ಪಕ್ಕದ ಎರಡೂ ಸೀಟಿನ ದುಡ್ಡು ಕೊಟ್ಟು ಒಬ್ಬಳೇ ಆರಾಮಾಗಿ ಕುಳಿತಳಂತೆ. ಒಬ್ಬರೇ ಹೋಗುವ ಹೆಂಗಸರಿಗೆ ಇದು ಒಳ್ಳೆಯ ಉಪಾಯ. ಭಾರತದವಳೆಂದು ತಿಳಿದ ಕೂಡಲೇ ಹಿಂದಿನ ಸೀಟಿನವರು ಶಾರುಖ್ ಖಾನನ ಕ್ಷೇಮ ವಿಚಾರಿಸಿದರಂತೆ. ಶೇಂಗಾ ಚಟ್ನಿ ಅಲ್ಲಿಯೇ ಖಾಲಿಯಾಯಿತು.

ಫೆಸ್ ಮುಟ್ಟಿದ ಎರಡನೆಯ ದಿನ ಸಂದೇಶ ಬರಲಿಲ್ಲ.

ಹತ್ತೂವರೆ ಆಯಿತು, ಹನ್ನೊಂದಾಯಿತು. ಹನ್ನೊಂದೂವರೆಗೆ ಅವರು ನಮ್ಮ ಮನೆಯ ಬಾಗಿಲು ಬಡಿದರು. ಮಾತಿಲ್ಲ. ಫೋನನ್ನು ಇಬ್ಬರ ನಡುವೆ ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತೆವು. ಹತ್ತು ವರ್ಷದ ಹಿಂದೆ ಬಸ್‌ಸ್ಟ್ಯಾಂಡಿನಲ್ಲಿ ಅವರು ನಿಂತಿದ್ದಾಗ ನಾನು ಮನೆಯಲ್ಲಿ ಊಟ ಮಾಡಿ ಮಲಗಿದ್ದೆ ಎಂಬುದು ಅಂದು ನೆನಪಾಗಿ ಸಣ್ಣವನಾದೆ. ನನ್ನ ಆ ರಜೆಯ ಕೆಲಸಕ್ಕೆ ಎಷ್ಟು ಜನ ತಂದೆ ತಾಯಿ ಹೀಗೆ ಕುಳಿತಿದ್ದರೋ, ನಾನು ಒಬ್ಬರನ್ನೂ ಕೇಳಿರಲಿಲ್ಲ. ಒಂದೂ ಕಾಲಿಗೆ ಫೋನು ಮಿಣುಕಿತು.

ಆದದ್ದು ಇಷ್ಟು. ಫೆಸ್‌ನ ಹಳೆಯ ಪೇಟೆಯಲ್ಲಿ ಸಾವಿರಾರು ಗಲ್ಲಿಗಳು. ಕಾರು ಹೋಗುವುದಿಲ್ಲ, ಕತ್ತೆ ಹೋಗುತ್ತದೆ. ಫೋನಿನ ನಕ್ಷೆ ಆ ಎತ್ತರದ ಗೋಡೆಗಳ ನಡುವೆ ತಲೆಕೆಟ್ಟು, ಸುತ್ತಿ ಸುತ್ತಿ ಬ್ಯಾಟರಿ ತೀರಿತು. ಕತ್ತಲಾಯಿತು. “ಆ ದಾರಿ ಬಂದ್ ಆಗಿದೆ, ಈ ಕಡೆ ಬಾ” ಎನ್ನುವ ಹುಡುಗರು ಅಲ್ಲಿ ಬಹಳ. ಹಿಂದೆ ಹೋದರೆ ಯಾವುದೋ ಅಂಗಡಿಗೆ ಒಯ್ದು ಆಮೇಲೆ ದುಡ್ಡು ಕೇಳುತ್ತಾರೆ. ಇಬ್ಬರು ಬಂದರು. ಇವಳು ಅವರ ಹಿಂದೆ ಹೋಗದೆ, ರೊಟ್ಟಿ ಸುಡುವ ಭಟ್ಟಿಯೊಂದನ್ನು ಹುಡುಕಿಕೊಂಡಳು. ಅಲ್ಲಿ ಓಣಿಗೊಂದು ಭಟ್ಟಿ ಇರುತ್ತದೆ, ಮನೆಯಲ್ಲಿ ಹಿಟ್ಟು ನಾದಿ ತಟ್ಟಿ ಅಲ್ಲಿಗೆ ಕಳಿಸುತ್ತಾರೆ. ಯಾವ ಹಲಗೆ ಯಾವ ಮನೆಯದೆಂದು ಭಟ್ಟಿಯವನಿಗೆ ಬಾಯಿಪಾಠ. ಇಳಿದುಕೊಂಡ ಮನೆಯ ಚೀಟಿ, ಅರಬ್ಬಿಯಲ್ಲಿ ಬರೆದದ್ದು, ಚೀಲದಲ್ಲಿತ್ತು. ಅವನು ಅದನ್ನು ಓದಿ, ರೊಟ್ಟಿ ಒಯ್ಯಲು ಬಂದಿದ್ದ ಹೆಂಗಸೊಬ್ಬಳನ್ನು ಜೊತೆ ಮಾಡಿ ಕಳಿಸಿದ. ಬಾಗಿಲ ತನಕ ಬಂದ ಆ ತಾಯಿ ಬಿಸಿ ರೊಟ್ಟಿಯೊಂದನ್ನು ಕೈಗಿಟ್ಟು ಹೋದಳು, ದುಡ್ಡು ಮುಟ್ಟಲಿಲ್ಲ.

ಸಂದೇಶದಲ್ಲಿ ಇದೆಲ್ಲ ಇರಲಿಲ್ಲ. “ಅಪ್ಪಾ, ಗುಡ್ಡದ ಅಜ್ಜಿ ಇಲ್ಲೂ ಸಿಕ್ಕಳು. ಆರಾಮ ಅದೇನಿ” ಎಂದಷ್ಟೇ ಇತ್ತು. ಅವರು ನನಗೆ ತೋರಿಸಿ, “ಯಾವ ಅಜ್ಜಿ?” ಎಂದು ಕೇಳಿದರು. ಗುಡ್ಡದ ಕಥೆ ಅವರಿಗೆ ಗೊತ್ತೇ ಇರಲಿಲ್ಲ. ಎರಡು ದಿನ ಮಾತು ಬಿಟ್ಟಿದ್ದರಲ್ಲ. ಆ ರಾತ್ರಿ ಎರಡು ಗಂಟೆಗೆ ನಾನು ಹೇಳಿದೆ.

ಅವಳು ಬಂದು ಈಗ ಬೆಂಗಳೂರಿನಲ್ಲಿ ಮೊದಲಿನ ಹಾಗೆ ಕೆಲಸಕ್ಕೆ ಹೋಗುತ್ತಾಳೆ. ನಾಲ್ಕು ಊರಿನ ಸುತ್ತಿಗೆ ಈಗಿನ ಹುಡುಗಿಯರಿಗೆ ಇನ್ನೂ ಅನುಕೂಲ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ಟಿನ ದುಡ್ಡಿಲ್ಲ, ಗುರುತಿನ ಚೀಟಿ ಇದ್ದರಾಯಿತು. ನನ್ನ ಕಡೆಯಿಂದ ಒಂದು ತಿದ್ದುಪಡಿ ಮಾತ್ರ ಆಗಿದೆ. ಯಾರಾದರೂ ಹೊರಟರೆ ಆ ಎರಡು ರಾತ್ರಿ ನಾನೂ ಅವರ ಮನೆಗೆ ಹೋಗಿ ಸ್ವಲ್ಪ ಹೊತ್ತು ಕುಳಿತು ಬರುತ್ತೇನೆ.

ಮೊನ್ನೆ ಆ ವ್ಯಾಪಾರಸ್ಥರು ಮತ್ತೆ ಬಂದಿದ್ದರು. ಕಿರಿಯ ಮಗ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾನೆ. ಚಹಾ ಕುಡಿದರು.

“ಹೂಲಿಗೆ ಹೋಗಾಕ ಎಲ್ಲಿ ಇಳೀಬೇಕ್ರಿ ಸರ? ವರ್ಷಾ ಗುಡ್ಡಕ್ಕ ಹೋಗ್ತೀನಿ, ಅದನ್ನ ನೋಡೇ ಇಲ್ಲ. ಹುಡುಗನ ಜೋಡಿ ನಾನೂ ಹೋಗಲೇನು?”

ಪಾಲಕರಿಗೆ ಪ್ರವೇಶವಿಲ್ಲ ಎಂದೆ.

“ಹಂಗಾರ ಹಿಂದಿನ ಬಸ್ಸಿಗೆ ಹೋಗ್ತೀನಿ ತಗೋರಿ” ಎಂದು ಎದ್ದರು.