ಕಲಿಯುವ ಡಾಕ್ಟ್ರನ್ನು ನಮ್ಮ ಹಟ್ಟಿಗೂ ಕಳಿಸಿ

ರಾತ್ರಿ ಹನ್ನೊಂದು ಗಂಟೆ, ಜಡಿಮಳೆ. ಹಟ್ಟಿಯಲ್ಲಿ ಕಡಸಿಗೆ ಬೇನೆ ಶುರುವಾಗಿ ಎರಡು ತಾಸು ಕಳೆದಿದೆ. ಕರುವಿನ ಒಂದು ಕಾಲು ಮಾತ್ರ ಹೊರಗೆ. ಇಂಥ ಹೊತ್ತಿನಲ್ಲಿ ಬಂದ ಡಾಕ್ಟ್ರಿಗೆ ಎಷ್ಟು ಮಾರ್ಕು ಬಿದ್ದಿತ್ತು ಎಂದು ಮನೆಯವರು ಕೇಳುವುದಿಲ್ಲ. ಒಳಗೆ ಕೈ ಹಾಕಿ, ಮಡಚಿಕೊಂಡ ಇನ್ನೊಂದು ಕಾಲನ್ನು ಬಿಡಿಸಲು ಬರುತ್ತದಾ ಇಲ್ಲವಾ, ಅಷ್ಟೇ.

ಪಶುವೈದ್ಯ ಪದವಿ ಈಗ ಐದೂವರೆ ವರ್ಷದ್ದು. ಭಾರತೀಯ ಪಶುವೈದ್ಯ ಪರಿಷತ್ತಿನ 2016ರ ನಿಯಮದಂತೆ ಅದರಲ್ಲಿ 1 ವರ್ಷ ಪೂರಾ ಇಂಟರ್ನ್‌ಶಿಪ್. ಪಿಯುಸಿ ಅರ್ಧಕ್ಕೆ ಬಿಟ್ಟ ನಮಗೂ ಈ ಲೆಕ್ಕ ತಿಳಿಯುತ್ತದೆ. ಬೀದರ್ ವಿಶ್ವವಿದ್ಯಾಲಯದ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲುಂಟು, ಪಶುವೈದ್ಯ ಕಾಲೇಜು ಶಿವಮೊಗ್ಗದಲ್ಲುಂಟು. ಬಾಳೆಬರೆ ಘಾಟಿ ಇಳಿದರೆ ಕುಂದಾಪುರ. ಆ ಒಂದು ವರ್ಷದಲ್ಲಿ ಒಂದೆರಡು ತಿಂಗಳನ್ನಾದರೂ ಕುಂದಾಪುರ, ಬೈಂದೂರು, ಬ್ರಹ್ಮಾವರದ ದನದ ಆಸ್ಪತ್ರೆಗಳಿಗೆ ಬರೆದಿಡಲಿ ಎಂಬುದು ನಮ್ಮ ಬೇಡಿಕೆ.

ಇಲ್ಲೇ ಯಾಕೆ? ಫಾರ್ಮಿನ ದೊಡ್ಡ ಮಿಶ್ರತಳಿ ದನದಲ್ಲಿ ಗಬ್ಬ ನೋಡಿ ಕಲಿತ ಕೈಗೆ ಮಲೆನಾಡು ಗಿಡ್ಡದ ಅಳತೆಯೇ ಬೇರೆ. ಆ ಸಣ್ಣ ದನಕ್ಕೆ ದೊಡ್ಡ ಜಾತಿಯ ಬೀಜ ಕೊಟ್ಟರೆ ಕರು ಹಾಕುವಾಗ ಏನಾದೀತು ಎಂಬುದನ್ನು ಹಟ್ಟಿಯಲ್ಲಿ ನಿಂತೇ ನೋಡಬೇಕು. ಕಂಬಳದ ಕೋಣಗಳ ಆರೈಕೆ ಇನ್ನೊಂದು ವಿದ್ಯೆ. ಭಾಷೆಯೂ ಉಂಟು ಮಾರಾಯ್ರೆ! "ಗಂಟಿ ಹುಲ್ಲು ಮುಟ್ಟುದಿಲ್ಲ" ಎಂದರೆ ಬೀದರಿನ ಹುಡುಗ ಯಾವ ಗಂಟು ಎಂದು ಹುಡುಕಿಯಾನು.

2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ಆಡಿನ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಚುಚ್ಚಬೇಕಾಯಿತು. ಮನೆಮನೆಗೆ ಹೋಗಿ ಚುಚ್ಚುವ ಕೆಲಸಕ್ಕೆ ಎಷ್ಟು ಕೈ ಇದ್ದರೂ ಸಾಲದು.

"ನಮ್ಮ ದನ ಇವರ ಪ್ರಯೋಗಕ್ಕಾ?" ಎಂದು ಕೇಳುವವರಿದ್ದಾರೆ. ಇರುವ ಒಂದೇ ದನದ ಹಾಲನ್ನು ಡೈರಿಗೆ ಹಾಕಿ ಮನೆ ನಡೆಸುವವರ ಹೆದರಿಕೆ ಅದು, ತಳ್ಳಿಹಾಕುವಂತಿಲ್ಲ. ಅದಕ್ಕೇ ಹೇಳುವುದು, ಹಿರಿಯ ಡಾಕ್ಟ್ರು ಪಕ್ಕದಲ್ಲಿ ನಿಂತಿರಬೇಕು, ದನದ ಯಜಮಾನರ ಒಪ್ಪಿಗೆ ಮೊದಲು ಕೇಳಬೇಕು. ಹುಡುಗರನ್ನು ಆಸ್ಪತ್ರೆಯ ರಿಜಿಸ್ಟರ್ ಬರೆಯಲು ಕೂರಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುವುದಾದರೆ ಅವರು ಬರುವುದೇ ಬೇಡ.

ಉಳಿಯಲು ಒಂದು ಕೋಣೆ, ಓಡಾಡಲು ಒಂದು ಗಾಡಿ, ಮೊಣಕಾಲಿನವರೆಗಿನ ಬೂಟು. ಜಿಲ್ಲಾ ಪಂಚಾಯತಿಗೆ ಇಷ್ಟು ಭಾರವಾಗಲಾರದು. ಮುಂದಿನ ಮಳೆಗಾಲದ ಒಳಗೆ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಹೋಗಲಿ.