ಗೊಂಬೆ ಮಾಡಿದ ಕೈಗೂ ಒಂದು ಹೆಸರು

ಕೊಪ್ಪಳಕ್ಕೆ ಸಮೀಪದ ಕಿನ್ನಾಳದ ಗೊಂಬೆಗಳು ದೂರದೂರದ ಊರುಗಳಿಗೆ ಹೋಗುತ್ತವೆ. ಬೆಂಗಳೂರಿನ ಕಾವೇರಿ ಮಳಿಗೆಯಲ್ಲಿ ಅವನ್ನು ಕೊಂಡವರು ‘ಇದು ಕಿನ್ನಾಳದ್ದು’ ಎಂದು ಹೆಮ್ಮೆಯಿಂದ ಷೋಕೇಸಿನಲ್ಲಿ ಇಡುತ್ತಾರೆ. ಮಾಡಿದವರು ಯಾರು ಎಂದು ಕೇಳಿದರೆ ಮಾತ್ರ ಉತ್ತರವಿರುವುದಿಲ್ಲ. ಊರಿಗೆ ಹೆಸರು ಬಂತು, ಕೈಗೆ ಬರಲಿಲ್ಲ.

ಆ ಕೈಗಳ ಕೆಲಸವೇನು ಸುಲಭದ್ದಲ್ಲ. ಹಗುರ ಕಟ್ಟಿಗೆಯ ತುಂಡುಗಳನ್ನು ಕೆತ್ತಿ ಜೋಡಿಸಬೇಕು. ಸೆಣಬಿನ ಚಿಂದಿ, ಕಟ್ಟಿಗೆಯ ಪುಡಿ, ಹುಣಸೆ ಬೀಜದ ಅಂಟು ಕಲಸಿದ ಮುದ್ದೆಯಿಂದ ಸಂದುಗಳನ್ನು ತುಂಬಬೇಕು. ಮೇಲೆ ಹತ್ತಿ ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಅದು ಒಣಗಿದ ನಂತರವೇ ಬಣ್ಣ. ಮನೆಮಂದಿಯೆಲ್ಲ ಕೂತು ಮಾಡುವ ಕೆಲಸವಿದು. ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರು ಈ ಚಿತ್ರಗಾರರ ಪೂರ್ವಿಕರೆಂದು ಹೇಳುವುದುಂಟು. ಆದರೆ ಪೂರ್ವಿಕರ ಹಿರಿಮೆಯಿಂದ ಹೊಟ್ಟೆ ತುಂಬದು. ಮಕ್ಕಳು ಬೇರೆ ಉದ್ಯೋಗ ಅರಸಿ ಹೊರಟರೆ ಅವರನ್ನು ದೂರುವಂತಿಲ್ಲ.

ಅದೇ ಮಕ್ಕಳ ಕೈಯಲ್ಲಿ ಈಗ ಮೊಬೈಲ್ ಇದೆ. ‘ಅದನ್ನು ಕೆಳಗಿಟ್ಟು ಪುಸ್ತಕ ಹಿಡಿ’ ಎಂದು ತಂದೆತಾಯಿ ಗದರುವುದೂ ತಪ್ಪಿಲ್ಲ. ಗದರಬೇಕಾದದ್ದೇ. ಆದರೂ ವಾರಕ್ಕೆ ಅರ್ಧ ಗಂಟೆ ಆ ಮೊಬೈಲನ್ನು ಮನೆಯ ಕೆಲಸದ ಕಡೆ ತಿರುಗಿಸಿದರೆ ಏನಾಗಬಹುದು ಎಂದು ಯೋಚಿಸಬೇಕು. ಸಣ್ಣ ವ್ಯಾಪಾರಿಗಳಿಗೆಂದೇ ವಾಟ್ಸ್‌ಆ್ಯಪ್‌ನ ಪ್ರತ್ಯೇಕ ಆ್ಯಪ್ ಬಂದದ್ದು 2018ರಲ್ಲಿ. ಬಹಳ ಮಂದಿ ಅದನ್ನು ಗಿರಾಕಿ ಹಿಡಿಯುವ ಗಾಳವೆಂದಷ್ಟೇ ತಿಳಿದಿದ್ದಾರೆ. ಕೆಲಸ ಮಾಡುವವರಿಗೆ ಹುರುಪು ತುಂಬಲೂ ಅದರಿಂದ ಸಾಧ್ಯ ಎಂಬ ಕಡೆಗೆ ಯಾರ ಗಮನವೂ ಹೋಗುವುದಿಲ್ಲ.

ಹೋದರೂ ಅಡ್ಡದಾರಿಗೆ ಹೋಗುತ್ತದೆ. ಗಂಗಾವತಿಯ ಕಡೆಯ ಒಂದು ಅಕ್ಕಿ ಗಿರಣಿಯನ್ನು ಊಹಿಸಿಕೊಳ್ಳಿ. ಸಾವುಕಾರರು ಗುಮಾಸ್ತರನ್ನೂ ಹಮಾಲರನ್ನೂ ಸೇರಿಸಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಗುಂಪು ಮಾಡಿದ್ದಾರೆ. ಬೆಳಗಾದರೆ ಉದಯಸೂರ್ಯನ ಚಿತ್ರ, ಕೆಳಗೊಂದು ಹಿತವಚನ. ರಾತ್ರಿ ಹತ್ತಕ್ಕೆ ಅದೇ ಗುಂಪಿನಲ್ಲಿ, ‘ಇಂದು ತೂಕದ ಲೆಕ್ಕ ತಪ್ಪಿಸಿದವನು ಯಾರು?’ ನಾಲ್ಕು ಗೋಡೆಯ ನಡುವೆ ಮುಗಿಯಬೇಕಾದ ಮಾತು ಮೂವತ್ತು ಮನೆಗಳಿಗೆ ಮುಟ್ಟಿತು. ಮರುದಿನ ಬರುವ ಸೂರ್ಯನ ಚಿತ್ರ ಆ ಗುಮಾಸ್ತನಿಗೆ ಏನು ಹುರುಪು ಕೊಟ್ಟೀತು? ಹೊಗಳುವುದಿದ್ದರೆ ಹತ್ತು ಜನರ ಮುಂದೆ, ತಿದ್ದುವುದಿದ್ದರೆ ಒಬ್ಬನನ್ನೇ ಕರೆದು ಎಂಬುದು ಮನೆಯ ಹಿರಿಯರಿಗೆ ಮೊಬೈಲ್ ಬರುವ ಮೊದಲೇ ಗೊತ್ತಿತ್ತು.

ಅಮೆರಿಕದ ಷಿಕಾಗೋ ಬಳಿಯ ಹಾಥಾರ್ನ್ ಟೆಲಿಫೋನ್ ಸಲಕರಣೆಗಳ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಪ್ರಯೋಗಗಳು ನಡೆದವು. ದೀಪದ ಬೆಳಕು ಹೆಚ್ಚಿಸಿದಾಗಲೂ ತಗ್ಗಿಸಿದಾಗಲೂ ಕೆಲಸ ಹೆಚ್ಚಾಯಿತಂತೆ. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆಂಬ ಭಾವನೆಯೇ ಇದಕ್ಕೆ ಕಾರಣ ಎಂದರು. ಆ ಲೆಕ್ಕಾಚಾರದಲ್ಲಿ ಲೋಪಗಳಿವೆ ಎಂದು ನಂತರದವರು ತೋರಿಸಿಕೊಟ್ಟಿದ್ದಾರೆ, ಅದು ಬೇರೆ ಮಾತು. ಕೆಲಸವನ್ನು ಕಾಣುವವರಿದ್ದಾರೆ ಎಂದು ತಿಳಿದವನ ಕೈ ಚುರುಕಾಗುವುದು ಯಾರಿಗೂ ಹೊಸತಲ್ಲ.

ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರದ ಕಡೆ ಇಳಕಲ್ ಸೀರೆ ನೇಯುವ ಮನೆಗಳಿವೆ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸುವ ಕೆಲಸವನ್ನು ಉಟ್ಟವರಲ್ಲಿ ಎಷ್ಟು ಜನ ಕಂಡಿದ್ದಾರೆ? ಅದನ್ನೇ ಅರ್ಧ ನಿಮಿಷದ ವಿಡಿಯೋ ಮಾಡಿ ನೇಯ್ದವರ ಹೆಸರಿನೊಂದಿಗೆ ಹಾಕಬಹುದು. ದೂರದೂರಿನ ಗಿರಾಕಿ ‘ಸೆರಗು ಚೆನ್ನಾಗಿದೆ’ ಎಂದು ಬರೆದರೆ, ಆ ಮಾತು ಅಂಗಡಿಯವರ ಮೊಬೈಲಿನಲ್ಲೇ ಉಳಿಯದೆ ಮಗ್ಗದ ಮುಂದೆ ಕೂತವರಿಗೆ ಮುಟ್ಟಬೇಕು. ಆನೆಗೊಂದಿಯಲ್ಲಿ ಬಾಳೆನಾರಿನಿಂದ ಬುಟ್ಟಿ, ಚೀಲ ಹೆಣೆಯುವ ಹೆಣ್ಣುಮಕ್ಕಳ ವಿಷಯವೂ ಇಷ್ಟೇ. ಮುಖ ತೋರಿಸಲು ಅವರು ಒಪ್ಪದಿದ್ದರೆ ಕೈಗಳ ಚಿತ್ರ ಸಾಕು. ಕೇಳದೆ ಯಾರ ಫೋಟೋವನ್ನೂ ತೆಗೆಯಕೂಡದು.

ಹೊಗಳಿಕೆಗೆ ಒಂದು ಅಪಾಯವೂ ಉಂಟು. ಅದು ಮಾಲೀಕರಿಗೆ ಪುಕ್ಕಟೆ. ‘ಈ ತಿಂಗಳ ಉತ್ತಮ ಕೆಲಸಗಾರ’ ಎಂದು ಫೋಟೋ ಹಾಕಿ ಕೂಲಿಯನ್ನು ಮುಂದಿನ ತಿಂಗಳಿಗೆ ತಳ್ಳಿದರೆ, ಯಲಬುರ್ಗಾದ ಹೊಲಿಗೆ ಅಂಗಡಿಯಲ್ಲಿರಲಿ, ಬೇರೆಲ್ಲೇ ಇರಲಿ, ಕೆಲಸಗಾರರು ಮರುಳಾಗುವುದಿಲ್ಲ. ಚಪ್ಪಾಳೆಯ ಚಿಹ್ನೆ ಒತ್ತಿ ಸುಮ್ಮನಾಗುತ್ತಾರೆ.

ಪರೀಕ್ಷೆ ಮುಗಿದು ಬಿಡುವಾಗಿರುವ ವಿದ್ಯಾರ್ಥಿಗಳು ಮನೆಯದೋ ನೆರೆಯದೋ ಕಸುಬಿನ ಒಂದು ಚಿತ್ರ ತೆಗೆದು ಕೆಳಗೆ ನಾಲ್ಕು ಸಾಲು ಬರೆಯಬಹುದು, ಕನ್ನಡದಲ್ಲೇ. ಮಾಡಿದವರು ಯಾರು, ಯಾವ ಸಾಮಗ್ರಿ, ಎಷ್ಟು ದಿನ ಹಿಡಿಯಿತು, ಬೆಲೆ ಎಷ್ಟು. ಎಷ್ಟು ದಿನ ಎಂದು ವಿಚಾರಿಸುವಾಗಲೇ ಹುಡುಗರಿಗೆ ಅಪ್ಪ ಅಮ್ಮನ ದುಡಿಮೆ ಲೆಕ್ಕಕ್ಕೆ ಸಿಗುತ್ತದೆ. ಬೆಲೆಯನ್ನು ಆ ದಿನಗಳಿಂದ ಭಾಗಿಸಿ ನೋಡುವಷ್ಟು ಗಣಿತವಂತೂ ಅವರಿಗೆ ಬರುತ್ತದೆ.