ಸರ್ವರ್ ಖರೀದಿ: ಬೆಲೆಪಟ್ಟಿಗಿಂತ ಮೊದಲು ನೋಡಬೇಕಾದ ಲೆಕ್ಕ

ಕಂಪನಿಗಳ ಅಧಿನಿಯಮ, 2013ರ ಎರಡನೆಯ ಅನುಸೂಚಿಯು ಸ್ಥಿರಾಸ್ತಿಗಳ ಉಪಯುಕ್ತ ಆಯುಷ್ಯವನ್ನು ಗೊತ್ತುಪಡಿಸುವಾಗ ಗಣಕಯಂತ್ರಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದೆ. ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಮೊದಲಾದ ಬಳಕೆದಾರರ ಯಂತ್ರಗಳಿಗೆ 3 ವರ್ಷ. ಸರ್ವರ್ ಮತ್ತು ಜಾಲ ಉಪಕರಣಗಳಿಗೆ 6 ವರ್ಷ. ಇವೆರಡೂ ಬೇರೆ ಬೇರೆ ಜಾತಿಯ ಯಂತ್ರಗಳೆಂಬುದನ್ನು ಶಾಸನವೇ ಒಪ್ಪಿಕೊಂಡಿದೆ. ಆದರೆ ಶಿವಾಜಿನಗರದ ಸಗಟು ಮಳಿಗೆಗಳಿಂದ ಹಿಡಿದು ಹಲಸೂರು, ಇಂದಿರಾನಗರಗಳ ಕಚೇರಿಗಳು ಮತ್ತು ಕೆ.ಆರ್. ಪುರದ ಸಣ್ಣ ಕಾರ್ಖಾನೆಗಳವರೆಗೆ ನಮ್ಮ ಸದಸ್ಯರು 'ಸರ್ವರ್' ಎಂದು ಕರೆಯುವ ವಸ್ತುವು ಬಹುಪಾಲು ಮೇಜಿನ ಕೆಳಗಿರುವ ಒಂದು ಡೆಸ್ಕ್‌ಟಾಪ್ ಮಾತ್ರವೇ ಆಗಿರುತ್ತದೆ. ಹೆಸರು ಆರು ವರ್ಷದ್ದು, ಯಂತ್ರ ಮೂರು ವರ್ಷದ್ದು.

ಇದು ನಡೆಯುತ್ತಿರುವುದು ಎಂತಹ ಪ್ರದೇಶದಲ್ಲಿ ಎಂಬುದೂ ಗಮನಾರ್ಹ. 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಗೊಂಡದ್ದು ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂದಾಗ ನೆಲೆ ಕಂಡುಕೊಂಡದ್ದು ಕಂಟೋನ್ಮೆಂಟಿನ ಮಿಲ್ಲರ್ಸ್ ರಸ್ತೆಯಲ್ಲಿ. ಜಗತ್ತಿನ ದತ್ತಾಂಶವನ್ನು ನಿರ್ವಹಿಸುವ ಸಂಸ್ಥೆಗಳು ವೈಟ್‌ಫೀಲ್ಡಿನಲ್ಲಿ ತುಂಬಿವೆ. ಅವುಗಳ ನೆರೆಯಲ್ಲಿರುವ ವರ್ತಕನ ಖಾತೆಪುಸ್ತಕ ಮಾತ್ರ ಒಂದೇ ಒಂದು ಡಿಸ್ಕಿನ ಕೃಪೆಯಲ್ಲಿದೆ.

ಮರಳಿ ಬರೆಯಲಾಗದ ದಾಖಲೆ

'ಯಂತ್ರ ಕೆಟ್ಟರೆ ವೋಚರುಗಳನ್ನು ಇಟ್ಟುಕೊಂಡು ಮತ್ತೆ ನಮೂದಿಸಿದರಾಯಿತು' ಎಂಬ ಸಮಾಧಾನ ನಮ್ಮಲ್ಲಿ ಬಹುಕಾಲ ಇತ್ತು. ಅದಕ್ಕೆ ಆಧಾರವೂ ಇತ್ತು. ಆದರೆ 2023ರ ಏಪ್ರಿಲ್ 1ರಿಂದ ಕಂಪನಿಗಳು ಪ್ರತಿಯೊಂದು ನಮೂದಿನ ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸುವ, ಆ ದಾಖಲಾತಿಯನ್ನು ನಿಷ್ಕ್ರಿಯಗೊಳಿಸಲು ಬಾರದ ಲೆಕ್ಕಪತ್ರ ತಂತ್ರಾಂಶವನ್ನೇ ಬಳಸಬೇಕಾಗಿದೆ. ಈ 'ಆಡಿಟ್ ಟ್ರೇಲ್' ವರ್ಷವಿಡೀ ಚಾಲನೆಯಲ್ಲಿತ್ತೇ, ಅದನ್ನು ಕಾಪಾಡಲಾಗಿದೆಯೇ ಎಂಬುದನ್ನು ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ತಿಳಿಸಬೇಕು. ವೋಚರುಗಳಿಂದ ಲೆಡ್ಜರನ್ನು ಮರಳಿ ಕಟ್ಟಬಹುದು. ಯಾವ ನಮೂದನ್ನು ಯಾರು, ಎಂದು ತಿದ್ದಿದರು ಎಂಬ ಜಾಡನ್ನು ಯಾವ ಗುಮಾಸ್ತನೂ ಮರಳಿ ಬರೆಯಲಾರ. ಡಿಸ್ಕು ಹೋದರೆ ಆ ದಾಖಲೆ ಶಾಶ್ವತವಾಗಿ ಹೋಯಿತು. ಅದರ ಉಲ್ಲೇಖ ಮಾತ್ರ ಪರಿಶೋಧನಾ ವರದಿಯಲ್ಲಿ ಉಳಿಯಿತು. ಆ ವರದಿಯನ್ನು ಓದುವವರಲ್ಲಿ ಸಾಲ ಕೊಡುವ ಬ್ಯಾಂಕಿನವರೂ ಇರುತ್ತಾರೆ.

ಅಧಿನಿಯಮದ 128ನೆಯ ಪ್ರಕರಣದ ಪ್ರಕಾರ ಲೆಕ್ಕಪುಸ್ತಕಗಳನ್ನು 8 ಆರ್ಥಿಕ ವರ್ಷಗಳವರೆಗೆ ಕಾಯ್ದಿಡಬೇಕು. 2022ರ ಆಗಸ್ಟ್ ತಿದ್ದುಪಡಿಯ ಅನಂತರ ಅವುಗಳ ನಕಲನ್ನು ಭಾರತದೊಳಗಿರುವ ಸರ್ವರಿನಲ್ಲಿ ಪ್ರತಿನಿತ್ಯ ಇರಿಸಬೇಕು. 'ನಮ್ಮದು ಕಂಪನಿಯಲ್ಲ, ಪಾಲುದಾರಿಕೆ' ಎನ್ನುವವರೂ ನಿಶ್ಚಿಂತರಾಗಿರುವಂತಿಲ್ಲ. ಜಿ.ಎಸ್.ಟಿ. ಅಧಿನಿಯಮದ 36ನೆಯ ಪ್ರಕರಣವು ವಾರ್ಷಿಕ ವಿವರಣಾಪತ್ರದ ಗಡುವಿನಿಂದ 72 ತಿಂಗಳ ಕಾಲ ದಾಖಲೆಗಳನ್ನು ಉಳಿಸಿಕೊಳ್ಳಲು ಹೇಳುತ್ತದೆ. ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ದಾಖಲೆ ನಾಶವಾದರೆ ಸೂಕ್ತ ಕಾಲಾವಧಿಯಲ್ಲಿ ಮರಳಿ ಪಡೆಯುವಂತೆ ವಿದ್ಯುನ್ಮಾನ ನಕಲು ಇರಬೇಕೆಂದು ಅದರ ನಿಯಮ 57 ವಿಧಿಸುತ್ತದೆ. ಎಂಟು ವರ್ಷ ಬಾಳಬೇಕಾದ ದಾಖಲೆಯನ್ನು ಮೂರು ವರ್ಷದ ಯಂತ್ರಕ್ಕೆ ಒಪ್ಪಿಸುವುದು ಸರಿಯೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಬೆಲೆಯ ವ್ಯತ್ಯಾಸ ನಿಜವಾಗಿ ಎಷ್ಟು?

ಒಂದು ಉತ್ತಮ ಡೆಸ್ಕ್‌ಟಾಪಿಗೆ 60,000 ರೂಪಾಯಿ, ಆರಂಭಿಕ ದರ್ಜೆಯ ಟವರ್ ಸರ್ವರಿಗೆ 1,50,000 ರೂಪಾಯಿ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 90,000 ಎಂದು ತೋರುತ್ತದೆ. ಆದರೆ ಆರು ವರ್ಷಗಳಲ್ಲಿ ಡೆಸ್ಕ್‌ಟಾಪನ್ನು ಎರಡು ಬಾರಿ ಕೊಳ್ಳಬೇಕು, ಅಲ್ಲಿಗೆ 1,20,000. ಉಳಿದ ವ್ಯತ್ಯಾಸ 30,000, ವರ್ಷಕ್ಕೆ 5,000, ವರ್ಷಕ್ಕೆ 300 ಕೆಲಸದ ದಿನಗಳೆಂದರೆ ದಿನಕ್ಕೆ ಸುಮಾರು 17 ರೂಪಾಯಿ. ಇದರ ಎದುರಿಗೆ ಬಿಲ್ಲಿಂಗ್ ನಿಂತ ಒಂದು ದಿನದ ನಷ್ಟವನ್ನು ಇಟ್ಟು ನೋಡಬೇಕು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು 2023ರ ಆಗಸ್ಟ್ 1ರಿಂದ ವ್ಯಾಪಾರಿಯಿಂದ ವ್ಯಾಪಾರಿಗೆ ಮಾರುವ ಸರಕಿಗೆ ಇ-ಇನ್‌ವಾಯ್ಸ್ ಮಾಡಲೇಬೇಕಾಗಿರುವುದರಿಂದ ಆ ನಷ್ಟ ಎಷ್ಟೆಂದು ಪ್ರತಿಯೊಬ್ಬರೂ ತಾವೇ ಅಂದಾಜಿಸಬಲ್ಲರು. ಸರ್ವರಿನ ಮೇಲಿನ ಶೇಕಡ 18 ಜಿ.ಎಸ್.ಟಿ.ಗೆ ಅರ್ಹರು ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಹಾಗೆ ಪಡೆದಲ್ಲಿ ಆ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ ಎಂಬುದೂ ನೆನಪಿರಲಿ.

ಯಾವ ಭಾಗಕ್ಕೆ ಹಣ ಹಾಕಬೇಕು?

ದುಬಾರಿಯಾದದ್ದೆಲ್ಲ ಬೇಕೆಂದು ನನ್ನ ವಾದವಲ್ಲ. ಹತ್ತಿಪ್ಪತ್ತು ಜನ ಬಳಸುವ ಲೆಕ್ಕಪತ್ರ ತಂತ್ರಾಂಶಕ್ಕೆ ಅತಿ ವೇಗದ ಪ್ರೊಸೆಸರ್ ಅನಾವಶ್ಯಕ. ಅಲ್ಲಿ ಉಳಿಸಿದ ಹಣವನ್ನು ನಾಲ್ಕು ಕಡೆ ವಿನಿಯೋಗಿಸಬೇಕು.

ಮೊದಲನೆಯದು ಮೆಮೊರಿ. ದೋಷವನ್ನು ತಾನೇ ಕಂಡುಹಿಡಿದು ಸರಿಪಡಿಸುವ ಇ.ಸಿ.ಸಿ. ಮೆಮೊರಿಯನ್ನೇ ಕೇಳಿ ಪಡೆಯಬೇಕು. ಗೂಗಲ್ ಸಂಸ್ಥೆಯ ಸರ್ವರುಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ಅವಧಿಯಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಯಂತ್ರಗಳು ಇಂತಹ ಮೆಮೊರಿ ದೋಷವನ್ನು ಕಂಡಿದ್ದವು. ಸಾಮಾನ್ಯ ಮೆಮೊರಿಯಲ್ಲಿ ಇದೇ ದೋಷ ಸದ್ದಿಲ್ಲದೆ ಒಂದು ಅಂಕಿಯನ್ನು ಬದಲಿಸಿ ಹೋಗಬಹುದು. 'ಡಿ.ಡಿ.ಆರ್. 5 ಎಂದರೆ ಇ.ಸಿ.ಸಿ. ಇದ್ದಂತೆಯೇ' ಎಂಬ ಮಾರಾಟಗಾರರ ಮಾತನ್ನು ಒಪ್ಪಬೇಡಿ. ಅದು ಚಿಪ್ಪಿನೊಳಗಿನ ರಕ್ಷಣೆ ಮಾತ್ರ. ಪ್ರೊಸೆಸರ್ ಮತ್ತು ಮದರ್‌ಬೋರ್ಡುಗಳೂ ಇ.ಸಿ.ಸಿ.ಯನ್ನು ಬೆಂಬಲಿಸಿದಾಗಲೇ ಪೂರ್ಣ ರಕ್ಷಣೆ.

ಎರಡನೆಯದು ಡಿಸ್ಕು. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕನ್ನು ವರ್ಷಕ್ಕೆ ಸುಮಾರು 55 ಟೆರಾಬೈಟ್ ಕೆಲಸಕ್ಕೆಂದು ರೂಪಿಸಿದ್ದರೆ ಉದ್ಯಮ ದರ್ಜೆಯ ಡಿಸ್ಕನ್ನು 550 ಟೆರಾಬೈಟ್ ಕೆಲಸಕ್ಕೆ ರೂಪಿಸಿರುತ್ತಾರೆ. ವಾರಂಟಿಯೂ ಮೊದಲನೆಯದಕ್ಕೆ ಸಾಮಾನ್ಯವಾಗಿ 2 ವರ್ಷ, ಎರಡನೆಯದಕ್ಕೆ 5 ವರ್ಷ. ವಿವರಣಾಪತ್ರದಲ್ಲಿ '25 ಲಕ್ಷ ಗಂಟೆ' ಎಂದಿದ್ದರೆ ಡಿಸ್ಕು 285 ವರ್ಷ ಬಾಳುತ್ತದೆಂದು ಅರ್ಥವಲ್ಲ. ಇಂತಹ ಸಾವಿರ ಡಿಸ್ಕುಗಳಲ್ಲಿ ವರ್ಷಕ್ಕೆ ಮೂರು ನಾಲ್ಕು ಕೆಡುವುದು ನಿರೀಕ್ಷಿತವೆಂದು ಅರ್ಥ. ಆ ಮೂರು ನಾಲ್ಕರಲ್ಲಿ ಒಂದು ನಮ್ಮದೇ ಆಗಬಹುದಾದ್ದರಿಂದ ಎರಡು ಡಿಸ್ಕುಗಳು ಒಂದರ ಪ್ರತಿಬಿಂಬ ಮತ್ತೊಂದಾಗಿರಬೇಕು. ಎಸ್.ಎಸ್.ಡಿ. ಕೊಳ್ಳುವವರು ವಿದ್ಯುತ್ ಹಠಾತ್ತನೆ ಹೋದಾಗ ಅರೆಬರೆ ಬರಹವನ್ನು ಪೂರ್ಣಗೊಳಿಸುವ ಕೆಪಾಸಿಟರ್ ರಕ್ಷಣೆ ಉಳ್ಳದ್ದನ್ನೇ ಆರಿಸಬೇಕು.

ಮೂರನೆಯದು ವಿದ್ಯುತ್. ಒಂದು ಕೆಟ್ಟರೆ ಮತ್ತೊಂದು ನಡೆಸುವ ಜೋಡಿ ಪವರ್ ಸಪ್ಲೈ, ಆನ್‌ಲೈನ್ ಮಾದರಿಯ ಯು.ಪಿ.ಎಸ್. ಹಾಗೂ ಪರೀಕ್ಷಿಸಿದ ಅರ್ತಿಂಗ್. ಹಳೆಯ ಕಟ್ಟಡಗಳಲ್ಲಿ ಈ ಕೊನೆಯದನ್ನು ಯಾರೂ ನೋಡುವುದಿಲ್ಲ.

ನಾಲ್ಕನೆಯದು ಸ್ಥಳ. ಸರ್ವರಿನ ಒಳಬರುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಅಂಗೀಕೃತ ಶಿಫಾರಸು. ಬೆಂಗಳೂರಿನ ಹವೆಯಲ್ಲಿ ಇದು ಕಷ್ಟವೇನಲ್ಲ. ಆದರೆ ಲೇತ್ ಯಂತ್ರದ ಪಕ್ಕದಲ್ಲಿ ಲೋಹದ ಹುಡಿಯ ನಡುವೆ ಇರಿಸಿದ ಸರ್ವರಿಗೆ ಯಾವ ವಾರಂಟಿಯೂ ರಕ್ಷಣೆಯಾಗದು.

ಹೊಸದೆಂದು ಮಾರುವ ಹಳೆಯದು

2025ರ ಆರಂಭದಲ್ಲಿ ಯುರೋಪಿನಲ್ಲಿ ಒಂದು ಪ್ರಕರಣ ಬೆಳಕಿಗೆ ಬಂದಿತು. ಸಾವಿರಾರು ಗಂಟೆ ಓಡಿದ್ದ ಸೀಗೇಟ್ ಉದ್ಯಮ ದರ್ಜೆಯ ಡಿಸ್ಕುಗಳ ಬಳಕೆಯ ಅಂಕಿಗಳನ್ನು ಅಳಿಸಿ, ಅವುಗಳನ್ನು ಹೊಸವೆಂದು ಮಾರಲಾಗಿತ್ತು. ಡಿಸ್ಕಿನೊಳಗೆ ಪ್ರತ್ಯೇಕವಾಗಿ ಉಳಿಯುವ 'ಫಾರ್ಮ್' ಎಂಬ ದಾಖಲೆ ನಿಜವನ್ನು ಹೊರಗೆಡವಿತು. ನಾವೂ ವ್ಯಾಪಾರಿಗಳೇ ಆದ್ದರಿಂದ ಇದರ ಪಾಠ ನಮಗೆ ಬೇಗ ತಿಳಿಯುತ್ತದೆ: ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಪರಿಶೀಲಿಸಿ ವಾರಂಟಿ ಭಾರತದಲ್ಲಿ, ಇಂದಿನಿಂದ ಎಷ್ಟು ಕಾಲ ಎಂದು ನೋಡಬೇಕು, ಆ ಸಂಖ್ಯೆ ಬಿಲ್ಲಿನಲ್ಲಿ ಮುದ್ರಿತವಾಗಿರಬೇಕು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿದ ಮೇಲೆ ಬಿಲ್ಲಿಲ್ಲದ ಮಾಲಿನ ಆಕರ್ಷಣೆಯೂ ಏರಿದೆ. ಬಿಲ್ಲಿಲ್ಲದಿದ್ದರೆ ತೆರಿಗೆ ಜಮೆಯೂ ಇಲ್ಲ, ವಾರಂಟಿಯೂ ಇಲ್ಲ, ಸವಕಳಿಗೆ ಆಧಾರವೂ ಇಲ್ಲ.

ನವೀಕರಿಸಿದ ಹಳೆಯ ಸರ್ವರ್ ಕೊಳ್ಳುವುದು ತಪ್ಪಲ್ಲ. ಹಳೆಯದೆಂದು ತಿಳಿದು, ಹಳೆಯದರ ಬೆಲೆಗೆ, ಡಿಸ್ಕುಗಳನ್ನು ಮಾತ್ರ ಹೊಸದಾಗಿ ಹಾಕಿಸಿ ಕೊಳ್ಳಬೇಕು. ಬಿಡಿಭಾಗಗಳಿಂದ ಜೋಡಿಸಿದ ಸರ್ವರೂ ನಡೆದೀತು. ಆದರೆ ಕೆಟ್ಟ ದಿನ ಯಾರು, ಎಷ್ಟು ಗಂಟೆಯೊಳಗೆ, ಯಾವ ಬಿಡಿಭಾಗದೊಂದಿಗೆ ಬರುತ್ತಾರೆ ಎಂಬುದು ಕಾಗದದಲ್ಲಿರಬೇಕು.

ಒಂದೇ ಛಾವಣಿಯ ಅಪಾಯ

ಜೋಡಿ ಡಿಸ್ಕು ಡಿಸ್ಕಿನ ದೋಷದಿಂದ ಕಾಯುತ್ತದೆಯೇ ಹೊರತು ಬೆಂಕಿಯಿಂದಲ್ಲ. 2012ರ ಫೆಬ್ರವರಿಯಲ್ಲಿ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಹೊತ್ತಿದ ಬೆಂಕಿ ನೂರಕ್ಕೂ ಹೆಚ್ಚು ಮಳಿಗೆಗಳನ್ನು ಸುಟ್ಟಿತು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಮಹದೇವಪುರ, ಬೆಳ್ಳಂದೂರು ಭಾಗಗಳು ಜಲಾವೃತವಾದವು. ದೊಡ್ಡವರೂ ಇದಕ್ಕೆ ಹೊರತಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಯು.ಪಿ.ಎಸ್. ಬ್ಯಾಟರಿಯಿಂದ ಬೆಂಕಿ ಹೊತ್ತಿ 709 ವ್ಯವಸ್ಥೆಗಳು ಸ್ಥಗಿತಗೊಂಡವು. ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್ ಸಂಗ್ರಹಕ್ಕೆ ಬೇರೆಡೆ ನಕಲಿಲ್ಲದೆ ಅದು ನಾಶವಾಯಿತು. ಆ ಸಂಗ್ರಹಕ್ಕೆ ಎರಡನೆಯ ಸ್ಥಳ ಇರಲಿಲ್ಲ.

ಆದ್ದರಿಂದ ಸರ್ವರಿನ ಆಯವ್ಯಯದಲ್ಲಿಯೇ ಹೊರಗಿನ ನಕಲಿಗೆ ಒಂದು ಪಾಲು ಇರಲಿ. ಅದು ಭಾರತದೊಳಗಿನ ಬಾಡಿಗೆ ಸರ್ವರಿನಲ್ಲಿರಬಹುದು, ಬೇರೆ ಬಡಾವಣೆಯ ಸ್ವಂತ ಕಚೇರಿಯಲ್ಲಿರಬಹುದು. ಕಂಪನಿಗಳಿಗೆ ಅದು ಪ್ರತಿನಿತ್ಯದ ನಕಲಾಗಿರಬೇಕು. ಮೂರು ತಿಂಗಳಿಗೊಮ್ಮೆ ಆ ನಕಲಿನಿಂದ ಒಂದು ಖಾತೆಯನ್ನು ನಿಜವಾಗಿ ತೆರೆದು ನೋಡಬೇಕು. ಐದಾರು ಜನರ ಕಚೇರಿಯಾದರೆ ಸ್ವಂತ ಸರ್ವರನ್ನೇ ಬಿಟ್ಟು ಪೂರ್ತಿ ಬಾಡಿಗೆಗೆ ಹೋಗುವುದೂ ವಿವೇಕವೇ. ಆದರೆ ಯಂತ್ರಗಳಿಗೆ ಜೋಡಿಸಿದ ಉತ್ಪಾದನಾ ದಾಖಲೆ ಇರುವ ಕಾರ್ಖಾನೆಗೆ ಅಂತರಜಾಲ ಕಡಿತವಾದಾಗಲೂ ಕೆಲಸ ನಡೆಯಬೇಕಾದ್ದರಿಂದ ಸ್ಥಳದಲ್ಲಿಯೇ ಸರ್ವರ್ ಬೇಕಾಗುತ್ತದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮ ಹಿರಿಯ ವರ್ತಕರಿಗೆ ಚೆನ್ನಾಗಿ ಗೊತ್ತು. ದಾಖಲೆಯ ವಿಷಯದಲ್ಲಿಯೂ ಅದು ಅಕ್ಷರಶಃ ನಿಜ. ಸದಸ್ಯರು ಮುಂದಿನ ಖರೀದಿ ಆದೇಶಕ್ಕೆ ಸಹಿ ಹಾಕುವ ಮುನ್ನ ಇ.ಸಿ.ಸಿ. ಮೆಮೊರಿ, ಜೋಡಿ ಡಿಸ್ಕು, ಭಾರತದ ವಾರಂಟಿ, ಹೊರಗಿನ ನಕಲು ಎಂಬ ನಾಲ್ಕು ಅಂಶಗಳು ದರಪಟ್ಟಿಯಲ್ಲಿ ಇವೆಯೇ ಎಂದು ಪರಿಶೀಲಿಸಬೇಕೆಂದು ಕೋರುತ್ತೇನೆ. ಇಲ್ಲದಿದ್ದರೆ ಆ ದರಪಟ್ಟಿಯನ್ನು ಹಿಂದಿರುಗಿಸಿ, ಇವುಗಳನ್ನು ಸೇರಿಸಿ ಹೊಸದನ್ನು ಕೇಳುವುದು ಲೇಸು.